ಸಂಜೆಗೆ ಬಂದ್ ಆಗುವ ಜಲಪಾತ

ಜಲಪಾತವೂ ಕಿರಾಣಿ ಅಂಗಡಿಯ ಹಾಗೆ ಸಂಜೆಗೆ ಬಂದ್ ಆಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ರಾಯಬಾಗದಲ್ಲಿ ನೌಕರಿಯುದ್ದಕ್ಕೂ ಭೂಗೋಳ ಕಲಿಸಿದವನು ನಾನು. ಮೇಲೆ ಗಟ್ಟಿ ಬಂಡೆ, ಕೆಳಗೆ ಮೆತ್ತನೆಯ ಬಂಡೆ, ಲಕ್ಷಾಂತರ ವರ್ಷ ಅದನ್ನು ಕೊರೆಯುವ ನೀರು ಎಂದು ಕರಿಹಲಗೆಯ ಮೇಲೆ ಅದೆಷ್ಟು ಜಲಪಾತ ಬರೆದೆನೋ. ಒಂದಕ್ಕೂ ಸ್ವಿಚ್ ಬರೆದಿರಲಿಲ್ಲ.

ಈಚೆಗೆ ನಾನೂ ಹೆಂಡತಿ ಶಾರದಾಳೂ ನಿಪ್ಪಾಣಿಯ ಒಂದು ಟೂರ್ ಗುಂಪು ಸೇರಿ ಚೀನಾಕ್ಕೆ ಹೋಗಿದ್ದೆವು. ಬೀಜಿಂಗ್‌ನಿಂದ ಒಂದೆರಡು ತಾಸು ಹೋದರೆ ಬೆಟ್ಟಗಳ ನಡುವೆ ಒಂದು ಕಣಿವೆ. ಎಲ್ಲರೂ ಫೋಟೋಕ್ಕೆ ಹೊರಟಿದ್ದರೆ ಶಾರದಾ ಹರಕೆ ತೀರಿಸಲು ಹೊರಟಿದ್ದಳು. ಮೊಣಕಾಲಿನ ಆಪರೇಶನ್ ಆಗಿ ಹಾಸಿಗೆ ಹಿಡಿದಾಗ, ಈ ಕಾಲಿಂದ ಗುಡ್ಡ ಹತ್ತಿದರೆ ಅಲ್ಲಿ ಹರಿಯುವ ಗಂಗವ್ವನಿಗೆ ಉಡಿ ತುಂಬುತ್ತೇನೆ ಎಂದು ಬೇಡಿಕೊಂಡಿದ್ದಳು. ನಮ್ಮ ಮನೆಯ ಸುತ್ತ ಕಬ್ಬಿಗಿಂತ ಎತ್ತರದ್ದು ಏನೂ ಇಲ್ಲವಾದ್ದರಿಂದ ಹರಕೆ ಹಾಗೇ ಉಳಿದಿತ್ತು. ಉಡಿಗೆಂದು ಕಟ್ಟಿಕೊಂಡದ್ದರಲ್ಲಿ ಅಕ್ಕಿ, ಕೊಬ್ಬರಿಯನ್ನು ವಿಮಾನ ನಿಲ್ದಾಣದವರು ತೆಗೆಸಿದರು. ರವಿಕೆಯ ಖಣ, ಹಸಿರು ಬಳೆ ಉಳಿದವು. ಉತ್ತತ್ತಿಯ ತಂಗಿಯಂಥ ಕೆಂಪು ಹಣ್ಣೊಂದು ಬೀಜಿಂಗ್‌ನ ಅಂಗಡಿಯಲ್ಲೇ ಸಿಕ್ಕಿತು.

ಕಣಿವೆ ಚೆಂದವಿತ್ತು, ಸುಳ್ಳು ಹೇಳಲಾರೆ. ಆದರೆ ನಾನು ನೋಡಿದ್ದು ಬರೀ ಅವಳ ಮೊಣಕಾಲು. ಕೂತು, ಎದ್ದು, ಕಟಾಂಜನ ಹಿಡಿದು ಕೊನೆಗೂ ಮೇಲೆ ಬಂದಳು. ಎದುರಿಗೆ ಧೋ ಎಂದು ಬೀಳುವ ನೀರು. ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಚೀಲದಿಂದ ಖಣ ತೆಗೆದಳು.

ಆಗ ನೀರು ತೆಳ್ಳಗಾಯಿತು. ಎಳೆ ಎಳೆಯಾಯಿತು. ತೊಟ್ಟಿಕ್ಕಿತು. ನಿಂತೇ ಹೋಯಿತು! ಎದುರಿಗೆ ಒದ್ದೆ ಬಂಡೆ. ಅಷ್ಟರಲ್ಲಿ ಬಂಡೆಯ ಪಕ್ಕದಲ್ಲಿದ್ದ ಸಣ್ಣ ಕೋಣೆಯಿಂದ ಗುಂಯ್ ಎಂದು ಇಳಿಯುವ ಸದ್ದು ಕೇಳಿಸಿತು. ಆ ಸದ್ದು ನನಗೆ ಗೊತ್ತು. ಹೊಲದ ಮೋಟರು ಹಾಗೆ ನಿಂತಾಗಲೆಲ್ಲ ನಾನು ಕರೆಂಟು ಬಿಡುವ ನಮ್ಮ ಲೈನ್‌ಮನ್‌ನ ಏಳು ತಲೆಮಾರನ್ನು ಬೈಯುವವನು.

“ಟೈಮ್ ಆತಂತ್ರಿ ಸರ್,” ಎಂದ ಟೂರಿನ ಹುಡುಗ. “ನೀರು ಪಂಪ್ ಹಚ್ಚಿ ಮ್ಯಾಲೆ ಏರಸ್ತಾರಂತ. ಸಂಜಿಗೆ ಬಂದ್.”

“ಮೋಸ! ಶುದ್ಧ ಮೋಸ!” ಎಂದು ಕೂಗಾಡಿದೆ. ಬೇಸಿಗೆಯಲ್ಲಿ ಡ್ಯಾಮಿನ ಗೇಟು ಹಾಕಿದರೆ ನಮ್ಮ ಗೋಕಾಕ ಫಾಲ್ಸೂ ಒಣಗುತ್ತದೆ ಎಂಬುದು ಆಗ ನೆನಪಾಗಲಿಲ್ಲ. ಸಿಟ್ಟು ಬಂದರೆ ಭೂಗೋಳ ಮರೆತುಹೋಗುತ್ತದೆ.

ಶಾರದಾಳ ಕಣ್ಣು ತುಂಬಿತ್ತು. “ಇನ್ನೊಮ್ಮಿ ಇಷ್ಟು ಹತ್ತಾಕ ನನ್ನಿಂದ ಆಗೂದಿಲ್ರಿ,” ಎಂದಳು.

ಕೋಣೆಯಿಂದ ನೀಲಿ ಕೋಟು ತೊಟ್ಟ ಹೆಂಗಸೊಬ್ಬಳು ಬಂದು ಬೀಗ ಹಾಕತೊಡಗಿದಳು. ಹೆಚ್ಚುಕಡಿಮೆ ಶಾರದಾಳದೇ ವಯಸ್ಸು.

“ತಮ್ಮಾ, ನೀರ ಬಿಡಾಕಿ ಇಕೀನ ಏನೋ?” ಎಂದು ಶಾರದಾ ಟೂರಿನ ಹುಡುಗನನ್ನು ಕೇಳಿದಳು.

“ಹೌದ್ರಿ ಅಕ್ಕಾರ.”

“ಹಂಗಾರ ಗಂಗವ್ವ ಇಕೀನ.”

ನಾನು ತಡೆಯುವುದರೊಳಗೆ ಇವಳು ಹೋಗಿ ಆ ಕೋಟಿನ ಅಂಚು ಹಿಡಿದೇಬಿಟ್ಟಳು! ಆ ಹೆಂಗಸು ಗಾಬರಿಯಿಂದ ಹಿಂದೆ ಸರಿದಳು. ಪೊಲೀಸರು ಬರುತ್ತಾರೆಂದು ನಾನು ಬೆವೆತೆ. ಶಾರದಾ ತನ್ನ ಸೆರಗನ್ನೇ ಒಡ್ಡಿ, ಹೀಗೆ ಹಿಡಿ ಎಂದು ತೋರಿಸಿದಳು. ಆಕೆ ಬಳೆ ನೋಡಿದಳು, ಇವಳ ಕಣ್ಣು ನೋಡಿದಳು, ಮೆಲ್ಲಗೆ ಎರಡೂ ಕೈಯಿಂದ ಕೋಟಿನ ಅಂಚು ಒಡ್ಡಿದಳು. ಖಣ, ಬಳೆ, ಕೆಂಪು ಹಣ್ಣು ಅದರೊಳಗೆ ಬಿದ್ದವು. ಹಣೆಗೆ ಕುಂಕುಮ ಬಿತ್ತು.

ಆಕೆ ಉಡಿ ಚೆಲ್ಲದಂತೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದರಿಂದ ಬೀಗ ತೆಗೆದು ಒಳಗೆ ಹೋದಳು. ಗುಂಯ್ ಎಂದಿತು. ಮೇಲಿಂದ ನೀರು ಬಿತ್ತು!

ಶಾರದಾ ಕೈ ಮುಗಿದಳು. ನನ್ನ ಕೈಗಳೂ ಕೂಡಿಕೊಂಡಿದ್ದವು. ನೀರಿಗೋ, ಮೋಟರಿಗೋ, ಆ ಹೆಂಗಸಿಗೋ ಇವತ್ತಿಗೂ ಗೊತ್ತಿಲ್ಲ.

ನನ್ನ ಹೆಗಲು ಹಿಡಿದು ಇಳಿಯುತ್ತ ಶಾರದಾ ಕೇಳಿದಳು: “ಆ ಲೈನ್‌ಮನ್‌ಗ ಇಷ್ಟು ವರ್ಷ ಬೈಕೋತನ ಬಂದ್ರಿ. ಒಮ್ಮ್ಯಾರ ಮನೀಗೆ ಚಾಕ್ಕ ಕರದೀರೇನ್ರಿ?”