ಕಂಬಳಿ ಹಾಸಿದ ಜಾಗ

ಅಕ್ಕಲಕೋಟೆಯಲ್ಲಿ ಏಳನೆಯ ಇಯತ್ತೆ ಮುಗಿಸಿದಾಗ ನನಗೆ ಒಂದೇ ಹುಚ್ಚು: ಸೊಲ್ಲಾಪುರಕ್ಕೆ ಹೋಗಿ ಕಲಿತು ಮಾಸ್ತರಿಣಿ ಆಗಬೇಕು. ದೇಶಕ್ಕೆ ಹೊಸ ಸಂವಿಧಾನ ಬಂದಿತ್ತು. ಅದರ ಪ್ರಕಾರ ಸರಕಾರದ ಪಟ್ಟಿಯಲ್ಲಿ ಹೆಸರು ಸೇರಿದ ಬುಡಕಟ್ಟಿನ ಹುಡುಗಿಯರಿಗೆ ಅಲ್ಲಿ ಪುಕ್ಕಟೆ ಬೋರ್ಡಿಂಗು. ಹನ್ನೂರಿನ ಕುರುಬರು ನಾವು ಬುಡಕಟ್ಟೋ ಅಲ್ಲವೋ? ಯಾರಿಗೆ ಗೊತ್ತಿತ್ತು ಮಣ್ಣು!

ಅಪ್ಪ ನನ್ನನ್ನು ಸೊಲ್ಲಾಪುರದ ವಕೀಲರ ಬಳಿ ಕರೆದೊಯ್ದ. "ಬುಡಕಟ್ಟು ಅಂದ್ರ ಯಾರು ಅಂತ ಘಟನಾದಾಗ, ಅಂದ್ರ ಸಂವಿಧಾನದಾಗ, ಬರದಿಲ್ಲಪಾ," ಎಂದರು ಅವರು. "ಸರಕಾರದ ಸಾಹೇಬ್ರು ಚೌಕಶಿ ಮಾಡಿ ಕೇಳಾಕ ಬರತಾರ. ಊರ ಮಂದಿ ಬ್ಯಾರೆ, ನಾವು ಬ್ಯಾರೆ, ಅವರ ಕೂಡ ಬೆರೆಯಂಗಿಲ್ಲ ಅಂತ ಹೇಳು. ಅಷ್ಟ ಸಾಕು." ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಪ್ಪನ ಬಾಯಿಂದ ಅದನ್ನೇ ಹೇಳಿಸಿದೆ.

ಸಾಹೇಬರು ಬೀರೋಬಾನ ಗುಡಿಯ ಮುಂದೆ ಕೂತರು. ನೋಡಲು ಊರೇ ನೆರೆಯಿತು. ಅಪ್ಪ ಹಣೆಗೆ ಅರಿಶಿನದ ಭಂಡಾರ ಹಚ್ಚಿಕೊಂಡು ನಿಂತ. ಸಾಹೇಬರು ಮರಾಠಿಯಲ್ಲಿ ಕೇಳಿದ್ದನ್ನು ಊರ ಲೆಕ್ಕ ಬರೆಯುವ ತಲಾಠಿ ಕನ್ನಡದಲ್ಲಿ ಕೇಳಿದ: "ನೀವು ಈ ಊರ ಮಂದಿಗಿಂತ ಬ್ಯಾರೆ ಏನು?"

ಅಪ್ಪ ಸುತ್ತ ನೋಡಿದ. ಗೌಡರು, ಬಡಿಗೇರರು, ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು.

"ಇವರ ಹೊಲದಾಗ ರಾತ್ರಿ ಕುರಿ ನಿಲ್ಲಿಸಿ ತರುಬತೀವ್ರಿ. ಹಿಕ್ಕಿ ಗೊಬ್ಬರಕ್ಕ ಇವರು ಕೊಟ್ಟ ಜ್ವಾಳಾ ಉಣತೀವಿ. ಈಗ ನನ್ನ ಮಾರಿ ಮುಂದನ ಕುಂತಾರ. ಬ್ಯಾರೆ ಅಂತ ಹ್ಯಾಂಗ ಅನ್ನಲಿರಿ?"

ಸಾಹೇಬರು ಪೆನ್ನಿಗೆ ಟೋಪಿ ಹಾಕಿದರು. ಮುಗಿಯಿತು.

"ನನ್ನ ಬಾಯಾಗ ಮಣ್ಣ ಹಾಕಿದಿ ಅಪ್ಪಾ!" ಎಂದು ಮನೆಯಲ್ಲಿ ಚೀರಿದೆ. ಸುಮ್ಮನಿರಿಸಲು ಬಂದ ಅವ್ವನಿಗೂ ಬೈದೆ.

ಮರುದಿನ ಗೌಡರು ಅವನನ್ನು ಕರೆಸಿದರು. ಮುಖ ಅರಳಿಸಿಕೊಂಡು ಬಂದ. "ಗೌಡ್ರು ಭಾಳ ಖುಷಿ ಆಗ್ಯಾರ ಯವ್ವಾ. ನೀ ನಮ್ಮವನ ಅದೀ, ಅಂದ್ರು."

ಗೌಡರ ಕಟ್ಟೆ ನನಗೆ ಗೊತ್ತಿಲ್ಲವೇ? ಮೇಲೆ ಊರ ಹಿರಿಯರು ಕೂರುತ್ತಿದ್ದರು. ನಮ್ಮವರು ಕೆಳಗೆ ನೆಲದಲ್ಲಿ, ತಮ್ಮದೇ ಕಂಬಳಿ ಹಾಸಿಕೊಂಡು.

"ಎಲ್ಲಿ ಕುಂತಿದ್ದಿ?" ಎಂದೆ.

"ಕೆಳಗ. ಮೊದಲಿಂದ ಅಲ್ಲೇ ಕೂಡತೀವಲ್ಲ..."

ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು. ಹೆಗಲ ಮೇಲಿನ ಕಂಬಳಿ ತೆಗೆದು, ಅಂಟಿದ ಧೂಳನ್ನು ಬಹಳ ಹೊತ್ತು ಕೊಡವಿದ. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಅತ್ತ. ಅಪ್ಪ ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೂ ಅಳು ಬಂತು, ಸಿಟ್ಟು ಹೋಗಲಿಲ್ಲ.

ಆ ವರ್ಷ ನಾನೂ ಕುರಿಗಳ ಹಿಂದೆ ಹೊರಟೆ. ಮೊದಲು ತರುಬಿದ್ದು ಗೌಡರ ಹೊಲದಲ್ಲೇ.