ಬಾಗಿಲಮ್ಮನ ಕಿಟಕಿ

ಕೆಲಸಕ್ಕೆ ಸೇರಿದ ಮೊದಲ ದಿನ ಅವನು ತನ್ನಲ್ಲಿದ್ದ ಅಂಗಿಗಳಲ್ಲೆಲ್ಲ ಒಳ್ಳೆಯದನ್ನೇ ಹಾಕಿಕೊಂಡು ಹೋಗಿದ್ದ. ಕಡು ಹಳದಿ, ಮೇಲೆ ಇಸ್ತ್ರಿ ಬೇರೆ. ಯಾರಾದರೂ ಹೊಗಳಿಯಾರು ಎಂದು ಎದೆ ಸೆಟೆಸಿ ನಡೆದವನನ್ನು, ತರಕಾರಿ ಸಸಿ ಬೆಳೆಸುವ ನರ್ಸರಿಯ ಬಲೆಮನೆಯ ಬಾಗಿಲಲ್ಲೇ ಒಬ್ಬ ಹೆಂಗಸು ಅಂಗೈ ಎತ್ತಿ ನಿಲ್ಲಿಸಿದಳು.

"ಒಳಗೆ ನೇತುಹಾಕಿರೋ ಹಳದಿ ಹಾಳೆ ಕಾಣ್ತಾ? ಬಿಳಿ ನೊಣಕ್ಕೆ ಹಳದಿ ಅಂದ್ರೆ ಪ್ರಾಣ. ಹಾರಿ ಬಂದು ಅಂಟಲ್ಲಿ ಸಿಕ್ಕಿಬೀಳುತ್ತೆ. ನಿನಗೂ ಒಂದಿಷ್ಟು ಅಂಟು ಬಳಿದು ನೇತುಹಾಕ್ಲಾ?"

ಅಂದಿನಿಂದ ಅವನ ಹೆಸರು ಹಳದಿ. ಅಪ್ಪ ಅಮ್ಮ ಯೋಚಿಸಿ ಇಟ್ಟ ಹೆಸರು ಹಾಜರಿಗಷ್ಟೇ ಉಳಿಯಿತು.

ಅವನನ್ನು ತಡೆದವಳನ್ನು ಎಲ್ಲರೂ ಬಾಗಿಲಮ್ಮ ಎನ್ನುತ್ತಿದ್ದರು. ಬಲೆಮನೆಗೆ ಎರಡು ಬಾಗಿಲು, ನಡುವೆ ಇಬ್ಬರು ನಿಲ್ಲುವಷ್ಟು ಜಾಗ. ಹೊರಗಿನ ಬಾಗಿಲು ಮುಚ್ಚದೆ ಒಳಗಿನದು ತೆರೆಯಬಾರದು. ಆ ನಡುವಿನ ಜಾಗದಲ್ಲಿ ಸೋಪು ಹಾಕಿ ಕೈ ತೊಳೆದು, ಬಟ್ಟೆ ಕೊಡವಿ, ಬಾಗಿಲಮ್ಮನ ಮುಂದೆ ತೋಳು ಚಾಚಿ ನಿಲ್ಲಬೇಕು. ಕಾಲರ್ ಮಡಿಕೆ, ತೋಳಿನ ಅಂಚು, ಜೇಬಿನ ಬಾಯಿ ಎಲ್ಲವನ್ನೂ ಅವಳು ಬೆರಳಲ್ಲಿ ಬಿಡಿಸಿ ನೋಡುವಳು. ಯಜಮಾನರೂ ಸಿಕ್ಕಿಬಿದ್ದ ಕಳ್ಳನಂತೆ ಕೈ ಎತ್ತಿ ನಿಲ್ಲುತ್ತಿದ್ದರು. ಆಮೇಲೆ ಒಳಗಿನ ಗೂಟದಿಂದ ಒಂದು ಬಿಳಿ ಮೇಲಂಗಿ ತೆಗೆದು ತೊಟ್ಟುಕೊಂಡರೆ ಕೆಲಸ ಶುರು.

ಸಸಿಗಳ ನಡುವೆ ಮಾತ್ರ ಅವಳು ಬೇರೆಯೇ ಮನುಷ್ಯಳು. ಟೊಮೇಟೊ ಸಸಿಯ ಎಲೆ ಅಂಚು ಮೇಲಕ್ಕೆ ಮುರುಟಿ, ಚಿಕ್ಕದಾಗಿ, ಬಣ್ಣಗೆಟ್ಟಿದ್ದರೆ ದೂರದಿಂದಲೇ ಗುರುತಿಸಿ ಹತ್ತಿರ ಹೋಗುವಳು. ಮೊದಲು ಅದರ ಮೇಲೆ ಮೆಲ್ಲಗೆ ಚೀಲ ಇಳಿಬಿಡುವಳು. ಕೂತ ನೊಣ ಹಾರಿ ಪಕ್ಕದ ಸಸಿಗೆ ಹೋಗದಿರಲೆಂದು. ಆಮೇಲೆ ಬೇರುಸಮೇತ ಕಿತ್ತು ಬಾಯಿ ಕಟ್ಟುವಳು. ಆ ಚೀಲ ಇಳಿಸುವ ರೀತಿ, ಮಲಗಿದ ಮಗುವಿಗೆ ಟೋಪಿ ತೊಡಿಸಿದಂತೆ.

"ಔಷಧಿ ಹೊಡೆದ್ರೆ ಉಳಿಯಲ್ವಾ ದೊಡ್ಡಮ್ಮ?" ಎಂದು ಹಳದಿ ಒಮ್ಮೆ ಕೇಳಿದ್ದ.

"ನೊಣಕ್ಕೆ ಔಷಧಿ ಇದೆ. ಅದು ತಂದು ಬಿಟ್ಟಿರೋ ರೋಗಕ್ಕೆ ಇಲ್ಲ. ಇದನ್ನ ಕಿತ್ರೆ ಪಕ್ಕದ್ದು ಉಳಿಯುತ್ತೆ."

ಇಂಥ ಕಾವಲಿನ ಬಲೆಮನೆಯಲ್ಲಿ ಒಂದು ಬೆಳಿಗ್ಗೆ ಬಾಗಿಲ ಬಳಿಯ ಸಾಲಿಗೆ ಸಾಲೇ ಮುರುಟಿತ್ತು. ಯಜಮಾನರು ಟ್ರೇಗಳನ್ನು ನೋಡಿದರು, ನೀರಿನ ಪೈಪು ಹಿಡಿದು ದಿನವಿಡೀ ಒಳಗೂ ಹೊರಗೂ ಓಡಾಡುವ ಹಳದಿಯನ್ನೂ ನೋಡಿದರು.

"ಮೊದಲ ದಿನವೇ ಹಳದಿ ಅಂಗಿ ಹಾಕ್ಕೊಂಡು ಬಂದೋನು ನೀನು. ಬಾಗಿಲು ಮುಚ್ಚೋಕೆ ನಿನಗೆಲ್ಲಿ ನೆನಪಿರುತ್ತೆ? ವಾರದ ಕೂಲಿ ತಗೊಂಡು ನಾಳೆಯಿಂದ ಬೇರೆ ಕಡೆ ನೋಡ್ಕೊ."

ಬಾಗಿಲು ಮುಚ್ಚಿದ್ದೇನೆ ಎಂದು ಹಳದಿಗೆ ಗೊತ್ತಿತ್ತು. ಆದರೂ ತನ್ನ ತಲೆಯ ಮೇಲೆ ತನಗೇ ಅಷ್ಟೊಂದು ನಂಬಿಕೆ ಇರಲಿಲ್ಲ. ಬಾಗಿಲಮ್ಮನಾದರೂ ಒಂದು ಮಾತು ಆಡಿಯಾಳು ಎಂದು ಅವಳತ್ತ ನೋಡಿದ. ಅವಳು ಮುರುಟಿದ ಸಾಲನ್ನೂ ಅದರ ಮೇಲೆ ಗೂಟಗಳಲ್ಲಿ ತೂಗುತ್ತಿದ್ದ ಮೇಲಂಗಿಗಳನ್ನೂ ನೋಡುತ್ತ ನಿಂತಿದ್ದಳು.

ಸಂಜೆ ಕರೆದಳು. "ಬಟ್ಟೆ ಗಂಟು ಹೊರಬೇಕು. ಮನೆ ತನಕ ಬಾ."

ಮೇಲಂಗಿಗಳನ್ನು ಮನೆಗೆ ಒಯ್ದು ತೊಳೆದು ತರುತ್ತಿದ್ದವಳು ಅವಳೇ. ಬೇರೆಯವರು ತೊಳೆದರೆ ಅವಳಿಗೆ ಸಮಾಧಾನವಿರಲಿಲ್ಲ.

ಮನೆಯೆಂದರೆ ಒಂದೇ ಕೋಣೆ. ಕಿಟಕಿಗೆ ಹೊಂದಿಕೊಂಡ ಮಂಚದಲ್ಲಿ ಅವಳ ತಂಗಿ ಮಲಗಿದ್ದಳು. ಮಹಡಿ ಮೆಟ್ಟಿಲಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿ ವರ್ಷಗಳಾಗಿದ್ದವು.

"ಇವನೇನಾ ಹಳದಿ? ಅಂಗಿ ಎಲ್ಲಪ್ಪ?"

"ಮನೇಲಿದೆ ಚಿಕ್ಕಮ್ಮ. ಮದುವೆಗೆ ಅಂತ ಎತ್ತಿಟ್ಟಿದೀನಿ."

"ಹುಡುಗಿ ಸಿಕ್ಕಿದ್ಲಾ?"

"ಸದ್ಯಕ್ಕೆ ಅಂಗಿ ಸಿಕ್ಕಿದೆ."

ಅವಳು ನಕ್ಕಳು. ಆ ನಗುವಿನ ಹಿಂದೆ, ಕಿಟಕಿಯ ಕಟ್ಟೆಯ ಮೇಲೆ, ಬಣ್ಣದ ಹಳೆಯ ಡಬ್ಬಿಯಲ್ಲಿ ಒಂದು ಟೊಮೇಟೊ ಗಿಡ ಹಳದಿಯ ಕಣ್ಣಿಗೆ ಬಿತ್ತು. ಮೇಲೆ ಸೊಳ್ಳೆ ಪರದೆಯ ತುಂಡು ಹೊದಿಸಿತ್ತು. ಎಲೆಗಳೆಲ್ಲ ಚಮಚದಂತೆ ಮೇಲಕ್ಕೆ ಮುರುಟಿದ್ದವು. ಮಲಗಿದಲ್ಲಿಂದಲೇ ಬೀಜ ಹಾಕಿ, ಲೋಟದಲ್ಲಿ ನೀರೆರೆದು ತಂಗಿ ಸಾಕಿದ ಗಿಡ. ಒಂದೂ ಕಾಯಿ ಬಿಟ್ಟಿರಲಿಲ್ಲ. ಕಿಟಕಿಗೆ ಅಡ್ಡಲಾಗಿ ಕಟ್ಟಿದ ಹಗ್ಗದ ಮೇಲೆ ನರ್ಸರಿಯ ಬಿಳಿ ಮೇಲಂಗಿಗಳು ಒಣಗುತ್ತಿದ್ದವು.

ಬಾಗಿಲಮ್ಮ ಒಂದನ್ನು ತೆಗೆದು, ನೀಲಿ ಹೊದಿಕೆಯ ಮೇಲೆ ಕೊಡವಿದಳು. ಸಣ್ಣ ಸಣ್ಣ ಬಿಳಿ ಚುಕ್ಕಿಗಳು ನೀಲಿಯ ಮೇಲೆ ಉದುರಿ, ಮತ್ತೆ ಎದ್ದು ಹಾರಿದವು.

"ಬಿಳಿ ಬಟ್ಟೆ ಮೇಲೆ ಬಿಳಿ ನೊಣ. ಒಗೆದಿರೋದು ತಾನೇ ಅಂತ ಯಾರೂ ಕೊಡವಲಿಲ್ಲ. ನಾನೇ ಮಡಚಿ, ಎರಡೂ ಬಾಗಿಲು ದಾಟಿಸಿ, ಗೂಟಕ್ಕೆ ಹಾಕ್ತಿದ್ದೆ."

"ಪರದೆ ಇದೆಯಲ್ಲ ದೊಡ್ಡಮ್ಮ?"

"ಸೊಳ್ಳೆ ಪರದೆ ತೂತಲ್ಲಿ ಈ ನೊಣ ಸಂಸಾರ ಸಮೇತ ಹೋಗಿ ಬರುತ್ತೆ. ನನಗೆ ಗೊತ್ತಿರಲಿಲ್ಲ ಅಂದ್ಕೊಂಡ್ಯಾ?"

ತಂಗಿಯ ನಗು ನಿಂತಿತ್ತು. "ಬಟ್ಟೆ ಬೇರೆ ಕಡೆ ಒಣಗಿಸು ಅಕ್ಕ."

"ನಾನೂ ಇಲ್ಲೇ ಇರ್ತೀನಲ್ಲ. ಬೆಳಿಗ್ಗೆ ಇಲ್ಲಿಂದಲೇ ತಾನೇ ಹೋಗೋದು?"

"ಕಾಯಿಲೆ ಬಂತು, ವಾಸಿ ಆಗಲ್ಲ ಅಂತ ಕಿತ್ತು ಹಾಕೋದಾದ್ರೆ, ಈ ಮನೇಲಿ ಮೊದಲು ನನ್ನನ್ನ ಕೀಳ್ಬೇಕು."

ಹಳದಿ ನೆಲ ನೋಡಿದ. ಗಂಟು ಹೊರಲು ಬಂದವನು ಗಂಟಾಗಿಯೇ ಒಂದು ಮೂಲೆಯಲ್ಲಿ ಬಿದ್ದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಬಾಗಿಲಮ್ಮ ಮಂಚದ ಅಂಚಿನಲ್ಲಿ ಕೂತಳು. "ನಿನ್ನಿಂದ ಯಾರಿಗೂ ಏನೂ ಅಂಟಲ್ಲ ಕಣೇ. ಇದರಿಂದ ಅಂಟುತ್ತೆ. ನನಗೆ ತಿಳಿದಿರೋದು ಅಷ್ಟೇ." ಆಮೇಲೆ ಹಳದಿಯತ್ತ ಕೈ ತೋರಿಸಿ, "ನಾಳೆಯಿಂದ ಇವನಿಗೆ ಕೆಲಸ ಇಲ್ಲ. ಇವನನ್ನ ಬೈಯ್ತಿದ್ರು. ನಾನು ನಿಂತು ನೋಡ್ತಿದ್ದೆ" ಎಂದಳು.

ತಂಗಿ ಹಳದಿಯ ಮುಖ ನೋಡಿದಳು. ಆಮೇಲೆ ಗಿಡವನ್ನು ನೋಡಿದಳು.

"ಚೀಲ ಕೊಡು. ನಾನೇ ಹಾಕ್ತೀನಿ."

ಬಾಗಿಲಮ್ಮ ಅವಳ ಬೆನ್ನಿಗೆ ದಿಂಬು ಕೊಟ್ಟು ಎತ್ತಿ ಕೂರಿಸಿ, ಡಬ್ಬಿಯನ್ನು ಹಿಡಿದುಕೊಂಡಳು. ತಂಗಿ ಮೇಲಿನಿಂದ ಚೀಲ ಇಳಿಬಿಟ್ಟಳು. ಚೀಲ ಒಂದು ರೆಂಬೆಗೆ ಸಿಕ್ಕಿಕೊಂಡಿತು. ಅಕ್ಕ ಬಿಡಿಸಲು ಹೋಗಲಿಲ್ಲ, ಅವಸರ ಮಾಡಲಿಲ್ಲ. ಕೊನೆಗೆ ಕಿತ್ತಾಗ ಬೇರಿನ ಜೊತೆ ಡಬ್ಬಿಯ ಮಣ್ಣೆಲ್ಲ ಮುದ್ದೆಯಾಗಿ ಎದ್ದು ಬಂತು. ತಂಗಿಯೇ ಬಾಯಿ ಕಟ್ಟಿದಳು, ಎರಡು ಗಂಟು ಹಾಕಿ.

"ಎದುರು ಮನೆ ಕಾಣ್ತಿದೆ ಈಗ," ಎಂದಳು. ಅದು ಅವಳಿಗೆ ಇಷ್ಟವೋ ಅಲ್ಲವೋ ತಿಳಿಯಲಿಲ್ಲ.

ಚೀಲವನ್ನು ನರ್ಸರಿಯಲ್ಲಿ ರೋಗದ ಸಸಿ ಹೂಳುವ ಗುಂಡಿಗೆ ಒಯ್ದವನು ಹಳದಿ. ಬಾಯಿ ಬಿಚ್ಚೀತೆಂಬ ಭಯಕ್ಕೆ ಎದೆಗೆ ಅವಚಿಕೊಂಡು ಬೀದಿ ನಡೆದ. ಕೆಲಸ ಉಳಿಯಿತು ಎಂದು ಕಾಲು ಹಗುರಾಗಿತ್ತು. ಆ ಹಗುರಕ್ಕೆ ಅವನಿಗೇ ನಾಚಿಕೆಯಾಗಿ, ಬೇಕೆಂದೇ ನಿಧಾನ ನಡೆದ.

ಮರುದಿನ ಬಾಗಿಲಮ್ಮ ಯಜಮಾನರಿಗೆ ಎಲ್ಲವನ್ನೂ ಹೇಳಿದಳು. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಆ ಸಾಲಿನ ಟ್ರೇಗಳನ್ನೆಲ್ಲ ಚೀಲ ಮುಚ್ಚಿ ಹೊರಸಾಗಿಸಿ ಹೂಳಿಸಿದರು. ಇನ್ನು ಮೇಲೆ ಮೇಲಂಗಿಗಳನ್ನು ಇಲ್ಲೇ ತೊಳೆಯಬೇಕು ಎಂದರು. ಹಳದಿಯತ್ತ ತಿರುಗಿ, "ಏನು ನೋಡ್ತಾ ನಿಂತಿದೀಯಾ, ನೀರು ಬಿಡು ಹೋಗು" ಎಂದರು. ಕ್ಷಮೆ ಕೇಳುವ ರೀತಿ ಇದೂ ಒಂದಿರಬೇಕು ಎಂದು ಅವನು ಲೆಕ್ಕಕ್ಕೆ ಹಿಡಿದುಕೊಂಡ.

ಎರಡು ಬಾಗಿಲ ನಡುವೆ ಕೈ ತೊಳೆದು ತೋಳು ಚಾಚಿದ. ಬಾಗಿಲಮ್ಮ ಎಂದಿನಂತೆ ಕಾಲರ್ ಬಿಡಿಸಿ ನೋಡಿದಳು. ಆದರೆ ಒಳಬಾಗಿಲ ಚಿಲಕಕ್ಕೆ ಕೈ ಹಾಕಲಿಲ್ಲ. ಅವನೆದುರು ನಿಂತು, ತನ್ನ ಎರಡೂ ತೋಳು ಚಾಚಿದಳು.

"ನೋಡು."

ಅವಳ ಬಟ್ಟೆಯನ್ನು ಹಾಗೆ ಯಾರೂ ಬಿಡಿಸಿ ನೋಡಿರಲಿಲ್ಲ. ಹಳದಿ ಅಳುಕುತ್ತ ಅವಳ ತೋಳಿನ ಅಂಚು ಬಿಡಿಸಿದ, ಹೆಗಲ ಮಡಿಕೆ ನೋಡಿದ. ಬೇಗ ಮುಗಿಸಿ, "ಏನಿಲ್ಲ ದೊಡ್ಡಮ್ಮ," ಎಂದ.

ಅವಳು ಕೈ ಇಳಿಸಲಿಲ್ಲ.

"ನಾಚ್ಕೊಂಡು ನೋಡಿದ್ರೆ ಕಾಣಲ್ಲ. ಇನ್ನೊಂದ್ಸಲ ನೋಡು."