ಅಜ್ಜಿಯ ಉಸಿರು ಮತ್ತು ಎರಡು ಪಕ್ಷ

ದಿನಚರಿ ಬರೆಯುವವರಿಗೆ ಒಂದು ಚಾಳಿ ಇರುತ್ತದೆ. ಇನ್ನೂ ನಡೆಯದ ಸಂಗತಿಗೂ ಮೊದಲೇ ಜಾಗ ಬಿಟ್ಟಿರುತ್ತೇವೆ. ನಾನು ಹಾಗೆ ಬಿಟ್ಟು ಕಾಯುತ್ತಿದ್ದದ್ದು, ದೊಡ್ಡಪ್ಪ ಮತ್ತು ಕಾಕ ಒಂದೇ ಮಾತಿಗೆ ಒಪ್ಪುವ ದಿನಕ್ಕೆ.

ಆಂಧ್ರದ ಗಡಿಯೂರು ಆದೋನಿಯ ನಮ್ಮ ಓಣಿಯಲ್ಲಿ ದೊಡ್ಡಪ್ಪ ಆಳುವ ಪಕ್ಷ, ಕಾಕ ವಿರೋಧ ಪಕ್ಷ. ಸರ್ಕಾರ ಬದಲಾದರೆ ಇಬ್ಬರ ಮುಖದ ಕಳೆ ಅದಲುಬದಲಾಗುತ್ತದೆ, ಅಷ್ಟೆ. ನಡುವಿನವನಾದ ನನ್ನಪ್ಪ ತಟಸ್ಥ, ಅಂದರೆ ಇಬ್ಬರಿಂದಲೂ ಬೈಸಿಕೊಳ್ಳುವವನು. ಚುನಾವಣೆಯ ದಿನ ಅಜ್ಜಿ ಒಬ್ಬ ಮಗನ ಆಟೋದಲ್ಲಿ ಬೂತಿಗೆ ಹೋಗಿ ಇನ್ನೊಬ್ಬನ ಆಟೋದಲ್ಲಿ ಮರಳುತ್ತಾಳೆ.

ಅಜ್ಜಿಯ ಶ್ವಾಸಕೋಶ ಕೆಟ್ಟಿದೆ. ಹೋದ ಬೇಸಿಗೆಯಲ್ಲಿ ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಹಾಕಿ, ಕಿತ್ತುಕೊಳ್ಳದಿರಲೆಂದು ಕೈಗಳನ್ನು ಮಂಚಕ್ಕೆ ಕಟ್ಟಿದ್ದರು. ಮನೆಗೆ ಬಂದವಳ ಮೊದಲ ಮಾತು: “ಇನ್ನೊಮ್ಮೆ ಆ ಪೈಪ್ ಹಾಕಿಸಬ್ಯಾಡ್ರಿ. ಉಸಿರು ಹೋದ್ರ ಹೋಗ್ಲಿ.” ಮತ್ತೆ ಯಾವಾಗ ಬೇಕಾದರೂ ಉಸಿರು ಕಟ್ಟಬಹುದು ಎಂದಿದ್ದಾರೆ ಡಾಕ್ಟರು. ಆಕೆ ಕೆಮ್ಮಿದರೆ ನಾನು ಬರೆಯುವುದನ್ನು ಬಿಟ್ಟು ಎದ್ದು ಹೋಗಿ ನೋಡುತ್ತೇನೆ.

ಇಂಥ ಇಚ್ಛೆಯನ್ನು ಮೊದಲೇ ಬರೆದಿಡಲು ನಮ್ಮ ದೇಶದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ದಾರಿ ಮಾಡಿದೆ. ಸಂಸತ್ತು ಮಾತ್ರ ಇನ್ನೂ ಕಾನೂನು ಮಾಡಿಲ್ಲ. ಕೆಲವು ದೇಶಗಳು ಇನ್ನೂ ಮುಂದೆ ಹೋಗಿವೆ. ಅಲ್ಲಿ ಸಾಯಲು ವೈದ್ಯರ ನೆರವು ಕೊಡುವ ಮಸೂದೆ ಬಂದರೆ ಪಕ್ಷಗಳು ಸದಸ್ಯರಿಗೆ ‘ಆತ್ಮಸಾಕ್ಷಿಯಂತೆ ಮತ ಹಾಕಿ’ ಎನ್ನುತ್ತವಂತೆ. ಆದರೂ ಆತ್ಮಸಾಕ್ಷಿಗಳು ಬಹುಪಾಲು ಪಕ್ಷದ ಬೆಂಚಿನುದ್ದಕ್ಕೇ ಸಾಲಾಗಿ ಕೂತಿರುತ್ತವೆ ಎಂದು ಓದಿದೆ. ಆಶ್ಚರ್ಯವಾಗಲಿಲ್ಲ, ಆ ಕಲಾಪ ನಮ್ಮ ಪಡಸಾಲೆಯಲ್ಲೇ ನಡೆಯುತ್ತಿತ್ತು.

ನಮ್ಮ ಓಣಿಯ ಪದ್ಧತಿಯೆಂದರೆ, ಯಾವ ಒಪ್ಪಂದಕ್ಕೂ ಎರಡೂ ಪಕ್ಷದವರು ಒಬ್ಬೊಬ್ಬರು ಕೂರಬೇಕು. ಇಲ್ಲವಾದರೆ ಮರುದಿನವೇ ಅದನ್ನು ಮುರಿಯುವವರು ಹುಟ್ಟುತ್ತಾರೆ. ಹಾಗಾಗಿ, ಪೈಪ್ ಬೇಡವೆಂಬ ಇಚ್ಛೆಯನ್ನು ನನ್ನಿಂದ ಹಾಳೆಯಲ್ಲಿ ಬರೆಸಿದ ಅಜ್ಜಿ, ತನಗೆ ಮಾತು ನಿಂತ ಹೊತ್ತಿನಲ್ಲಿ ತನ್ನ ಪರ ಮಾತಾಡುವವರೆಂದು ದೊಡ್ಡಪ್ಪ, ಕಾಕ ಇಬ್ಬರ ಹೆಸರನ್ನೂ ಬರೆಸಿದಳು. ಇಬ್ಬರ ಸಹಿಯೂ ಬೇಕೆಂದಳು.

“ಅವ್ವ ಹೇಳೋದು ಖರೇ ಐತಿ” ಎಂದ ದೊಡ್ಡಪ್ಪ. ಅಷ್ಟೇ ಸಾಕಾಯಿತು. ಕಾಕ ಎದ್ದು ನಿಂತ. “ಏನಣ್ಣಾ, ಮುದುಕರ ಪಿಂಚಣಿ ಉಳಿಸಾಕ ನಿಮ್ಮ ಸರ್ಕಾರಕ್ಕ ಇಷ್ಟು ಅವಸರ ಏನು?” ಓಣಿಯ ಬಾಯಿಗೆ ಹೆದರಿದ ದೊಡ್ಡಪ್ಪ ಮರುದಿನ, “ಹೈದರಾಬಾದಿಗಾದ್ರೂ ಒಯ್ದು ಉಳಸ್ತೀನಿ” ಎಂದು ತಿರುಗಿದ. ಕೂಡಲೇ ಕಾಕನೂ ತಿರುಗಿದ: “ಚೂಡಂಡಿ, ನೋಡ್ರಿ, ಮುದುಕಿನ್ನ ಹೆಂಗ ಗೋಳಾಡಿಸ್ತಾನ!” ನಾನು ಕೋರ್ಟಿನ ತೀರ್ಪಿನ ಸಾರಾಂಶವನ್ನು ದುಂಡಗೆ ಬರೆದು ಇಬ್ಬರಿಗೂ ಕೊಟ್ಟೆ. ಇಬ್ಬರೂ ಕೇಳಿದ್ದು ಒಂದೇ ಪ್ರಶ್ನೆ: “ಅವಗ ಮೊದ್ಲು ಕೊಟ್ಟೀಯೇನು?”

ಕೊನೆಗೆ ಸದನವನ್ನು ಅಜ್ಜಿಯೇ ನಡೆಸಿದಳು. ದೊಡ್ಡಪ್ಪನೊಬ್ಬನನ್ನೇ ಕರೆದು, “ನಿನ್ನ ತಮ್ಮ ಸುತರಾಂ ಒಪ್ಪಂಗಿಲ್ಲ ಅಂತಾನಪ್ಪಾ” ಎಂದಳು. ಆತ ಪೆನ್ನು ಕೇಳಿದ. ಸಂಜೆ ಕಾಕನಿಗೆ, “ನಿಮ್ಮಣ್ಣ ಬ್ಯಾಡಂತ ಹಟ ಹಿಡದಾನ” ಎಂದಳು. ಆತ ಜೇಬಿನಿಂದ ತನ್ನ ಪೆನ್ನನ್ನೇ ತೆಗೆದ. ಮೇಲಿನ ಸಹಿ ಕಾಣದಂತೆ ಹಾಳೆ ಮಡಚಿ ಹಿಡಿದದ್ದು ನನ್ನ ಪಾಲಿನ ದೇಶಸೇವೆ. ಮರುದಿನ ನೆರೆಯ ಇಬ್ಬರ ಸಾಕ್ಷಿಯೊಡನೆ ನೋಟರಿಯ ಮೊಹರೂ ಬಿತ್ತು.

ಆತಂಕ ಮಾತ್ರ ಹೋಗಲಿಲ್ಲ. ಹಾಳೆಯನ್ನು ಮಡಚಬಹುದು, ಆಸ್ಪತ್ರೆಯ ಬಾಗಿಲಲ್ಲಿ ಇಬ್ಬರು ಗಂಡಸರನ್ನು ಮಡಚಲಾದೀತೆ? “ಆ ಹೊತ್ತಿನಾಗ ಇಬ್ರೂ ಎದುರುಬದುರು ನಿಂತ್ರ ನಾ ಏನ್ ಮಾಡ್ಲಿ ಅಜ್ಜಿ?” ಎಂದೆ.

ಅಜ್ಜಿ ಉಸಿರು ತಂದುಕೊಂಡು ನಕ್ಕಳು. “ಯಾರು ಜೋರಾಗಿ ಅಳ್ತಾರ ಅಂತ ಇಬ್ರೂ ಪೈಪೋಟಿಗೆ ಬೀಳ್ತಾರ, ಬಿಡು. ಆ ಗದ್ದಲದಾಗ ನಾ ಸದ್ದಿಲ್ದ ಹೋಗಿಬಿಡ್ತೀನಿ.”